ಇಬ್ರಾಹಿಂಪಟ್ನಂನ ಬಿಳಿ ಕಾರು

ಹಳೇ ಕಾರು ಕೊಳ್ಳಲು ಬರುವವರಿಗೆ ನಾನು ಮೊದಲು ಹೇಳುವುದು ಇಷ್ಟೆ: ಮಾರುವವನ ಬಾಯಿ ನೋಡಬೇಡಿ, ಬಾನೆಟ್ಟಿನ ಬೋಲ್ಟು ನೋಡಿ. ಬೋಲ್ಟಿನ ತಲೆಯ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ. ಸ್ಪ್ಯಾನರ್ ಬಿದ್ದಿದ್ದರೆ ಎಲ್ಲೋ ಏನೋ ಬಡಿದಿದೆ. ಬಳ್ಳಾರಿಯಿಂದ ಬರಿಗೈಯಲ್ಲಿ ಬಂದ ನಾನು ವಿಜಯವಾಡದ ಭವಾನಿಪುರಂನಲ್ಲಿ ಕಾರಿನ ದಲ್ಲಾಳಿಯಾಗಿ ಮನೆ ಕಟ್ಟಿಕೊಂಡದ್ದು ಈ ಅನುಮಾನದಿಂದಲೇ. ಆದರೆ ಒಂದು ಕಾರನ್ನು ಮಾತ್ರ ಕೊಳ್ಳಲಿಕ್ಕಲ್ಲ, ಅದರ ಮಾಲೀಕ ಉಳಿಯಬೇಕೋ ಬೇಡವೋ ಎಂದು ಹೇಳಲಿಕ್ಕೆ ನೋಡಿದೆ.

ನನ್ನ ಹೆಂಡತಿಯ ತಮ್ಮ ಇರುವುದು ವಿಶಾಖಪಟ್ಟಣದಲ್ಲಿ. ಅವನ ಒಬ್ಬಳೇ ಮಗಳು ಅಚ್ಯುತಾಪುರಂನ ಕಾರ್ಖಾನೆಯಿಂದ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದಾಗ ಬಿಳಿ ಕಾರೊಂದು ಗುದ್ದಿ, ನಿಲ್ಲದೆ ಹೋಯಿತು. ಹುಡುಗಿ ಉಳಿಯಲಿಲ್ಲ. ಹಿಂದೆ ಕೂತಿದ್ದ ಗೆಳತಿ ಬದುಕಿದಳು. ಕಾರಿನ ಎಡಗಡೆ ದೀಪ ಪುಡಿಯಾಗಿದ್ದನ್ನೂ ಮುಂದಿನ ಗಾಜು ಬಿರಿದದ್ದನ್ನೂ ಕಂಡವಳು ಅವಳೊಬ್ಬಳೇ. ಪೊಲೀಸರು ತಿಂಗಳುಗಟ್ಟಲೆ ಹುಡುಕಿ ಕೈಚೆಲ್ಲಿದರು. ಭಾಮೈದ ಕೈಚೆಲ್ಲಲಿಲ್ಲ, ಗ್ಯಾರೇಜು ಗ್ಯಾರೇಜು ಅಲೆದ. ಕೊನೆಗೊಬ್ಬ ಪೇಂಟರ್, ಆ ದಿನಗಳಲ್ಲಿ ಅಂಥ ಒಂದು ಕಾರಿನ ಎಡಬದಿ ಸರಿಮಾಡಿಕೊಟ್ಟಿದ್ದೆ, ಅದೀಗ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ ಮಾರಾಟಕ್ಕಿದೆ ಎಂದನಂತೆ.

"ಭಾವಾ, ನೀನು ಗಿರಾಕಿ ಹಂಗೆ ಹೋಗಿ ನೋಡು. ಅದೇ ಕಾರಾದ್ರೆ ಫೋನಲ್ಲಿ 'ವ್ಯಾಪಾರ ಕುದುರಿತು' ಅನ್ನು. ಅಷ್ಟು ಸಾಕು."

"ಆಮೇಲೆ ನೀನೇನ್ ಮಾಡ್ತೀಯಪ್ಪ?"

"ಅದು ನಿಂಗ್ಯಾಕೆ?"

ಅವನ ಜೀಪಿನಲ್ಲಿ ಮಾತಾಡದ ಇಬ್ಬರು ಗೆಳೆಯರಿದ್ದರು, ಗೋಣಿಚೀಲ ಸುತ್ತಿದ ಕಬ್ಬಿಣದ ರಾಡುಗಳಿದ್ದವು. ನಾನು ಮತ್ತೆ ಕೇಳಲಿಲ್ಲ. ಆ ಹುಡುಗಿಯನ್ನು ನಾನೂ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು.

ಅವರು ಆ ಮನೆಯ ಬೀದಿಯ ತುದಿಯ ಟೀ ಅಂಗಡಿಯಲ್ಲಿ ನಿಂತರು, ನಾನೊಬ್ಬನೇ ಒಳಹೋದೆ. ಕಾರಿನ ಮಾಲೀಕ ನಡುವಯಸ್ಸಿನ ಸಣಕಲು ಮನುಷ್ಯ. ನಾನು ಬೆಲೆ ಇಳಿಸಿ ಕೇಳಿದ್ದೇ ತಡ, ಒಪ್ಪಿಬಿಟ್ಟ. ನೆನಪಿಡಿ, ಚೌಕಾಶಿ ಮಾಡದೆ ಒಪ್ಪುವವನಿಗೆ ಆ ಸಾಮಾನು ಮನೆಯಿಂದ ತೊಲಗಿದರೆ ಸಾಕಾಗಿರುತ್ತದೆ. ಎಡಬದಿಯ ಬೋಲ್ಟುಗಳ ಬಣ್ಣ ಕಿತ್ತಿತ್ತು. ಬೆರಳಿನಿಂದ ತಟ್ಟಿದರೆ ಬಣ್ಣದಡಿ ಪುಟ್ಟಿ ತುಂಬಿದ ಮಂಕು ಸದ್ದು. ಬಲಗಡೆ ದೀಪ ಹಳದಿಗಟ್ಟಿತ್ತು, ಎಡಗಡೆಯದು ಹೊಸದು.

"ಏನು ಬಡಿದಿತ್ತು?" ತೆಲುಗಿನಲ್ಲೇ ಕೇಳಿದೆ.

"ಎಮ್ಮೆ ಸಾರ್."

ನಮ್ಮ ದಂಧೆಯಲ್ಲಿ ಎಲ್ಲರೂ ಎಮ್ಮೆಯನ್ನೇ ಗುದ್ದಿರುತ್ತಾರೆ. ಅದೆಲ್ಲ ನಿಜವಾಗಿದ್ದರೆ ಕೃಷ್ಣಾ ತೀರದಲ್ಲಿ ಇಷ್ಟೊತ್ತಿಗೆ ಚಹಾಕ್ಕೂ ಹಾಲಿರುತ್ತಿರಲಿಲ್ಲ.

"ಎಂಥ ಎಮ್ಮೆ?"

"ಕರಿ ಎಮ್ಮೆ ಸಾರ್, ಇನ್ನೆಂಥದ್ದು?" ಎಂದು ನಕ್ಕ.

ನನ್ನ ಕೈ ಫೋನಿಗೆ ಹೋಯಿತು. ಆಗಲೇ ಮುಂದಿನ ಗಾಜಿನ ಮೂಲೆಯಲ್ಲಿ ಕಂಪನಿ ಒತ್ತಿದ ಇಸವಿಯ ಗುರುತು ನೋಡಿದೆ. ಉಳಿದ ಗಾಜುಗಳದ್ದೂ ಇದರದ್ದೂ ಒಂದೇ ಇಸವಿ. ಅಂಚಿನ ಅಂಟು ಕಂಪನಿಯಲ್ಲಿ ಹಾಕಿದಂತೆ ಸಮವಾಗಿತ್ತು. ಈ ಗಾಜು ಒಡೆದಂತಿಲ್ಲ. ಹಾಗೆಂದು, ಗುಜರಿಯಿಂದ ಅದೇ ಇಸವಿಯ ಗಾಜು ತಂದು ನಾಜೂಕಾಗಿ ಕೂರಿಸುವವರೂ ನನಗೆ ಗೊತ್ತು. ಕಾರು ಕೊಳ್ಳಲು ಅಷ್ಟು ನಂಬಿಕೆ ಸಾಕು. ಮನುಷ್ಯನನ್ನು ಆ ರಾಡುಗಳಿಗೆ ಒಪ್ಪಿಸಲು ಸಾಕೇ?

"ಕುದುರಲಿಲ್ಲ," ಎಂದೆ ಫೋನಿನಲ್ಲಿ.

ಭಾಮೈದ ಗೇಟು ತಳ್ಳಿಕೊಂಡೇ ಬಂದ. ಹಿಂದೆ ಗೆಳೆಯರು, ಗೋಣಿಚೀಲ.

"ಎಷ್ಟು ಕೊಟ್ಟ ಭಾವಾ ಇವನು? ನಿನ್ ಬಾಯಲ್ಲಿ ಕುದುರಲಿಲ್ಲ ಅನ್ನೋ ಮಾತು ಇವತ್ತೇ ಕೇಳಿದ್ದು."

ಇಷ್ಟು ವರ್ಷ ಕಾರು ಮಾರಿ ಗಳಿಸಿದ ಹೆಸರು ಅದು. ಮಾಲೀಕನಿಗೆ ನಾವು ಬಂದ ಕಾರಣವನ್ನು ನೇರವಾಗಿ ಹೇಳಿಬಿಟ್ಟೆ. ಅವನ ಮುಖ ಬಿಳಚಿಕೊಂಡಿತು. ಅದು ತಪ್ಪಿತಸ್ಥನ ಭಯವೋ, ಗೋಣಿಚೀಲ ಕಂಡವನ ಭಯವೋ, ನನಗೆ ತಿಳಿಯಲಿಲ್ಲ.

ಭಾಮೈದನ ರಟ್ಟೆ ಹಿಡಿದೆ. "ನನ್ ಮಾತು ಬಿಡು, ಲೆಕ್ಕ ಕೇಳು. ಮಗಳ ಸ್ಕೂಟರಿಗೆ ಅಂಟಿದ ಬಣ್ಣ ಪೊಲೀಸ್ರ ಹತ್ರ ಐತೆ. ಈ ಕಾರು ತಗಂಡೋಗಿ ತಾಳೆ ನೋಡ್ಸು. ಇವತ್ತು ಇವನ್ನ ಹೊಡೆದು ನೀನು ಜೈಲಿಗೆ ಹೋದಿ ಅಂದ್ರ, ಇವನಲ್ದಿದ್ರ, ನಿಜವಾದೋನು ಹಾಯಾಗಿ ಮಲಗ್ತಾನ. ಅವನ್ನ ಹುಡುಕೋರು ಯಾರಪ್ಪ?"

ಬಣ್ಣ ತಾಳೆ ನೋಡಿಸುವ ಮಾತನ್ನು ಮಾಲೀಕನಿಗೂ ತೆಲುಗಿನಲ್ಲಿ ಹೇಳಿದೆ. ಮಾಲೀಕನೇ ಒಳಹೋಗಿ ಕೀಲಿ ತಂದ. "ಠಾಣೆಗೆ ನಡೀರಿ." ಅಷ್ಟು ಬೇಗ ಒಪ್ಪಿದ್ದಕ್ಕೂ ನನಗೆ ಅನುಮಾನವೇ ಬಂತು, ಏನು ಮಾಡಲಿ.

ಗೆಳೆಯರನ್ನು ಜೀಪಿನೊಂದಿಗೆ ಅಲ್ಲೇ ಬಿಟ್ಟೆವು. ಮಾಲೀಕ ಓಡಿಸಿದ, ನಾನು ಪಕ್ಕದಲ್ಲಿ ಕೂತೆ, ಭಾಮೈದ ಅವನ ಬೆನ್ನ ಹಿಂದೆ. ಮಾಲೀಕ ಕ್ಲಚ್ಚು ತಟ್ಟನೆ ಬಿಟ್ಟು ಕಾರು ಮುಗ್ಗರಿಸಿತು. ಎದುರಿಗೆ ಸೈಕಲ್ ತಳ್ಳಿಕೊಂಡು ಒಬ್ಬ ಹುಡುಗಿ ರಸ್ತೆ ದಾಟುತ್ತಿದ್ದಳು.

"ಮೆಲ್ಲಗೆ ಓಡ್ಸಿ," ಎಂದ ಭಾಮೈದ. ಬಹುವಚನದಲ್ಲಿ.

ಬಣ್ಣ ತಾಳೆಯಾಗಲಿಲ್ಲವೆಂದು ಕೆಲವು ವಾರಗಳ ಮೇಲೆ ಠಾಣೆಯಿಂದ ತಿಳಿಸಿದರು. ಭಾಮೈದ ಅದನ್ನು ನಂಬಿದನೋ ಇಲ್ಲವೋ ಗೊತ್ತಿಲ್ಲ. ಇನ್ನೂ ಹುಡುಕುತ್ತಿದ್ದೇನೆಂದು ನನ್ನ ಹೆಂಡತಿಯ ಮುಂದೆ ಹೇಳಿಕೊಳ್ಳುತ್ತಾನೆ. ಕಾರು ನೋಡಲು ಈಗ ನನ್ನನ್ನು ಕರೆಯುವುದಿಲ್ಲ. ನನಗೆ ಭಯವಿರುವುದು ಅದಕ್ಕೇ.