ತಾಯಿಹಂದಿಯ ದನಿ
ನಾಶಿಕ್‌ನ ಓಝರ್ ಬಳಿಯ ಹಂದಿ ಫಾರ್ಮಿನಲ್ಲಿ ನಾನು ತರಬೇತಿಗಿದ್ದಾಗ, ಒಂದು ಬಡಕಲು ಮರಿಗೆ ಒಡಹುಟ್ಟಿದವು ಮೊಲೆಯನ್ನೇ ಬಿಟ್ಟುಕೊಡುತ್ತಿರಲಿಲ್ಲ. ಅದು ಸಾಯುವಂತಿತ್ತು. ನಾನು ನಮಗೆ ಕಲಿಸುತ್ತಿದ್ದ ದನದ ಡಾಕ್ಟರರ ಮೂಗಿನ ದನಿಯನ್ನು ಅಣಕಿಸುತ್ತ ವಿವರಿಸಿದೆ: "ಬೆಳೆಯೋ ಹಾರ್ಮೋನ್ ರಕ್ತದೊಳಗ ಬೇಕಾದಷ್ಟೈತ್ರಿ. ಹೊಟ್ಟಿಗಿಲ್ಲಂದ್ರ ಮೈ ಅದರ ಮಾತು ಕೇಳಂಗಿಲ್ಲ."

"ನಿಮ್ಮದೂ ಅದ ಕಥಿ ಏನ್ರಿ?" ಎಂದರು ಐದಡಿಯಷ್ಟೇ ಎತ್ತರದ ನನ್ನನ್ನು ನೋಡಿ, ವಿಜಯಪುರದಿಂದ ಬಂದು ಅಲ್ಲಿ ದುಡಿಯುತ್ತಿದ್ದ ಅಕ್ಕ.

ಹಾಲು ಇಳಿಯುವ ಹೊತ್ತಿಗೆ ತಾಯಿಹಂದಿ ಗುರ್ ಗುರ್ ಎಂದು ಮರಿಗಳನ್ನು ಕರೆಯುತ್ತದೆ. ನಾನು ಮೂಲೆಯಲ್ಲಿ ಕುಳಿತು ಹಾಗೆಯೇ ಕರೆದೆ. ಗಟ್ಟಿ ಮರಿಗಳೆಲ್ಲ ಓಡಿಬಂದು ನನ್ನ ಪ್ಯಾಂಟು ಚೀಪತೊಡಗಿದವು. ಓಡಲಾಗದ ಬಡಕಲು ಮರಿ ಅಮ್ಮನ ಮುಂದಿನ ಮೊಲೆ ಹಿಡಿಯಿತು.

"ಏಳಬ್ಯಾಡ್ರಿ ಅವ್ವಾರ," ಎಂದರು ಅಕ್ಕ. "ಅದು ಇನ್ನೂ ಕುಡ್ಯಾಕತ್ತೈತಿ."