ಸಣ್ಣವ್ವ ಒತ್ತಿದ ‘ಬಿಡು’

ಇವತ್ತು ಮುಂಜಾನೆ ರೊಟ್ಟಿ ಬಡಿಯುವಾಗ ಆಫೀಸಿನಿಂದ ಫೋನು ಬಂತು. ಹಿಟ್ಟಿನ ಕೈಯಲ್ಲೇ ಪರದೆ ಸವರಿದೆ. ಉಹೂಂ, ಅದಕ್ಕೆ ನನ್ನ ಬೆರಳಿನ ಗುರುತೇ ಸಿಗಲಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಒತ್ತುವಷ್ಟರಲ್ಲಿ ಕರೆ ಕಟ್ಟಾಯಿತು. ಮನುಷ್ಯ ಮತ್ತು ಕಂಪ್ಯೂಟರಿನ ಒಡನಾಟದ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದವಳು ನಾನು; ಹೊಟ್ಟೆಪಾಡಿಗೆ ಫೋನಿನ ಆಟ ಮಾಡುವವಳು. ಆ ಪುಸ್ತಕಗಳಲ್ಲಿ ಬೆರಳಿನ ಅಗಲ ಇದೆ, ಹಿಟ್ಟು ಮೆತ್ತಿದ ಬೆರಳು ಇಲ್ಲ. ಸಿಟ್ಟು ಬಂತು, ಹಿಂದೆಯೇ ನಗುವೂ ಬಂತು. ಶಿರವಾಳದ ಸಣ್ಣವ್ವ ನೆನಪಾದಳು. ಸಣ್ಣವ್ವ ಅಂದರೆ ನಮ್ಮವ್ವನ ತಂಗಿ.

ಹಂಗಂತ ಪುಸ್ತಕಗಳನ್ನು ಬೈಯಲಾರೆ. ನಮ್ಮ ಕಡೆ ಟಚ್ ಫೋನು ಆಗಷ್ಟೇ ಕೈಗೆ ಬಂದ ಕಾಲ. ಶಹಾಪುರದ ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದ ನನಗೆ ಆಟ ಕಟ್ಟುವ ಹುಚ್ಚು ಹಿಡಿಯಿತು. ಕಲಿಸುವವರು ಯಾರಿದ್ದರು? ಇಂಟರ್‌ನೆಟ್ಟಿನಲ್ಲಿ ಆಟ ಮಾಡುವವರದೊಂದು ಕೂಟವಿತ್ತು. ಕೇಳಿದ್ದಕ್ಕೆಲ್ಲ ಉತ್ತರ ಕೊಡೋರು, ಪುಸ್ತಕ ಕಳಿಸೋರು, ಪುಕ್ಕಟೆ ಸಾಫ್ಟ್‌ವೇರ್ ಎಲ್ಲಿದೆ ಅಂತ ತೋರಿಸೋರು. ನನ್ನ ಇಂಗ್ಲಿಷ್ ನೋಡಿ ನಕ್ಕಿರಲೂಬಹುದು, ಆದರೆ ನನಗೆ ಗೊತ್ತಾಗುವಂತೆ ಒಬ್ಬರೂ ನಗಲಿಲ್ಲ. ಮುಖ ಕಾಣದ ಆ ಮಂದಿಗೆ ಇವತ್ತಿಗೂ ಕೈ ಮುಗೀತೀನಿ. ಅವರಲ್ಲೊಬ್ಬರು ಹೇಳಿದ್ದರು: “ಆಟ ಇನ್ನೊಬ್ಬರ ಕೈಗೆ ಕೊಟ್ಟ ಮೇಲೆ ಬಾಯಿ ತೆರೆಯಬೇಡ. ಅವರ ಕೈ ನೋಡು.” ನನ್ನಂಥ ಮಾತಿನಮಲ್ಲಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಆಗಲೇ ಸುರಪುರದ ಸಂಸ್ಥೆಯೊಂದು ರೈತರಿಗಾಗಿ ಒಂದು ಆಟ ಮಾಡಿಕೊಡು ಅಂದಿತು. ಕೆನಾಲಿನ ನೀರನ್ನು ಮೇಲಿನ ಊರು, ಕೊನೆಯ ಊರು ಪಾಳಿಯಂತೆ ಹಂಚಿಕೊಳ್ಳುವ ಆಟ. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಕೊಟ್ಟು ನೋಡುತ್ತಾರೆ. ಅವರಿಗೆ ಹಿಡಿಸಿದರೆ ನನಗೆ ಖಾಯಂ ಕೆಲಸ, ಇಲ್ಲದಿದ್ದರೆ ಮತ್ತೆ ಝೆರಾಕ್ಸ್ ಅಂಗಡಿ. ಆ ಬಿಸಿ ಕಾಗದದ ವಾಸನೆ ನನಗೆ ಸಾಕಾಗಿಹೋಗಿತ್ತು. ಸುರಪುರದಲ್ಲಿ ತೋರಿಸುವ ಹಿಂದಿನ ದಿನ ಆಟ ಹಿಡಿದುಕೊಂಡು ಶಿರವಾಳಕ್ಕೆ ಹೋದೆ. ಸಣ್ಣವ್ವನ ಗದ್ದೆ ಕಾಲುವೆಯ ಕಟ್ಟಕಡೆಗಿದೆ. ಮೇಲಿನವರು ನೀರು ಕಟ್ಟಿಕೊಂಡರೆ ಅವಳ ನೆಲ್ಲು ಒಣಗಿತೆಂದೇ ಲೆಕ್ಕ. ಮೇಲಿನ ಊರಿನ ಹೆಸರೆತ್ತಿದರೆ ಅವಳ ನಾಲಿಗೆ ಹಿಡಿಯುವವರಿಲ್ಲ.

ಕಟ್ಟೆಯ ಮೇಲೆ ಕೂತು ಫೋನು ಹಿಡಿದಳು. ದೊಡ್ಡವಳಾದ ಮೇಲೆ ಅಕ್ಷರ ಕಲಿತವಳು, ಕೂಡಿಸಿ ಕೂಡಿಸಿ ಓದುತ್ತಾಳೆ. ಪರದೆಯ ಮೇಲೆ ಒಂದು ತೂಬು, ಅದರಾಚೆ ಒಣಗಿದ ಗದ್ದೆ. ತೂಬು ತೆರೆಯಲು ‘ಹರಿಸಿ’, ಆಟ ನಿಲ್ಲಿಸಿ ಹೊರಬರಲು ‘ಬಿಡು’ ಅಂತ ಎರಡು ಬಟನ್ ಇಟ್ಟಿದ್ದೆ. ನಿಘಂಟು ನೋಡಿ ಇಟ್ಟ ಪದಗಳು. ತನ್ನ ಪಾಳಿ ಬರುತ್ತಲೇ ಸಣ್ಣವ್ವ ಸೀದಾ ‘ಬಿಡು’ ಒತ್ತಿದಳು. ಆಟ ಮುಚ್ಚಿತು. ಮತ್ತೆ ತೆರೆದಳು, ಮತ್ತೆ ‘ಬಿಡು’, ಮತ್ತೆ ಮುಚ್ಚಿತು.

“ಏ, ನೀರ ಬಿಡು ಅಂದ್ರ ಆಟಾನ ಮುಚ್ಚಿ ಕುಂಡ್ರತೈತಲ್ಲ! ಇದೂ ಮೇಲಿನ ಊರವರ ಕಡೀದ ಏನ?”

ನಾನು ತುಟಿ ಕಚ್ಚಿ ಕೂತೆ.

“ಬಾಯಾಗ ಕಡಬ ತುರಕ್ಕೊಂಡೀಯೇನ? ಹೇಳವಾ!”

ಕೆನಾಲು ಬಂದಾಗಿನಿಂದ ನಮ್ಮಲ್ಲಿ ಬಿಡುವುದು ಅಂದರೆ ನೀರು ಬಿಡುವುದೇ. ಬಸ್ ಸ್ಟ್ಯಾಂಡಿನಲ್ಲಿ, ಗಿರಣಿಯಲ್ಲಿ, ಎಲ್ಲಿ ನಿಂತರೂ “ಬಿಟ್ಟಾರೇನ್ರಿ?” “ಇನ್ನಾ ಬಿಟ್ಟಿಲ್ರಿ.” ಏನನ್ನು ಅಂತ ಯಾರೂ ಕೇಳುವುದಿಲ್ಲ. ಅದೇ ಮಾತು ಕೇಳುತ್ತ ಬೆಳೆದ ನಾನು ಕಂಪ್ಯೂಟರಿನ ಮುಂದೆ ಕೂತೊಡನೆ ನಿಘಂಟು ತೆರೆದಿದ್ದೆ. ಎಂಥಾ ಶಾಣ್ಯಾತನ ನೋಡ್ರಿ!

ಕೊನೆಗೆ ತಡೆಯಲಾಗದೆ ಬಾಯಿ ತೆರೆದು ವಿಷಯ ಹೇಳಿದೆ. ಸಣ್ಣವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಬಿಡು ಅನ್ನೂದನ್ನ ನೀರಿಗೆ ಇಡವಾ. ಎದ್ದು ಹೋಗವ್ರಿಗೆ ‘ಸಾಕು’ ಅಂತ ಬರಿ. ಉಂಡು ಏಳಾಗ ಸಾಕು ಅಂತೀವಲ್ಲ?” ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಎರಡೂ ಬದಲಿಸಿದೆ.

ಮರುದಿನ ಸುರಪುರದಲ್ಲಿ ಗೋಡೆಗೆ ಒರಗಿ, ಬಾಯಿ ಮುಚ್ಚಿಕೊಂಡು ನಿಂತೆ. ಮೊದಲು ಫೋನು ಹಿಡಿದ ಹೆಣ್ಣುಮಗಳು ಪಾಳಿ ಬರುತ್ತಲೇ ‘ಬಿಡು’ ಒತ್ತಿದಳು. ನೀರು ಹರಿಯಿತು, ಕೊನೆಯ ಗದ್ದೆ ಮುಟ್ಟಿತು. “ಬಿಟ್ಟಾರ! ನಮ್ಮ ಹೊಲಕ್ಕ ಬಂತು!” ಅಂತ ಆಕೆ ಕೂಗಿದ್ದೇ ತಡ, ಉಳಿದವರೆಲ್ಲ ಫೋನಿಗೆ ಮುಗಿಬಿದ್ದರು. ಸಂಸ್ಥೆಯ ಹಿರಿಯರು ನನ್ನ ಕಡೆ ತಿರುಗಿ “ಸೋಮವಾರದಿಂದ ಕೆಲಸಕ್ಕ ಬರ್ರಿ” ಅಂದರು. ಕಣ್ಣು ತುಂಬಿ ಬಂದು ನನಗೆ ಅವರ ಮುಖವೇ ಕಾಣಲಿಲ್ಲ.

ಪೇಢೆ ಕಟ್ಟಿಸಿಕೊಂಡು ಶಿರವಾಳಕ್ಕೆ ಓಡಿದೆ. ನಿನ್ನಿಂದಲೇ ಕೆಲಸ ಸಿಕ್ಕಿತು ಅಂದರೆ ಸಣ್ಣವ್ವ ಒಪ್ಪಲೇ ಇಲ್ಲ. “ನಾ ಏನ ಮಾಡೇನಿ? ಬೈದೇನಿ, ಅಷ್ಟ.” ಅಷ್ಟು ಮನಸಾರೆ ಬೈಯುವವರು ಎಷ್ಟು ಮಂದಿಗೆ ಸಿಗುತ್ತಾರೆ ಹೇಳಿ!

ನಾಳೆ ನನ್ನ ಹೊಸ ಆಟ ಹೊರಗೆ ಬರಬೇಕಿತ್ತು. ಆಫೀಸಿನವರೆಲ್ಲ ಆಡಿ ನೋಡಿ ಭೇಷ್ ಅಂದಿದ್ದಾರೆ. ನಿನ್ನೆಯವರೆಗೆ ಅದೇ ಹಿಗ್ಗಿನಲ್ಲಿದ್ದೆ. ಇವತ್ತು ಯಾಕೋ ಎಲ್ಲರೂ ಭೇಷ್ ಅಂದದ್ದಕ್ಕೇ ಅಂಜಿಕೆಯಾಯಿತು. ಕೈ ತೊಳೆದುಕೊಂಡು, ನಾಳೆ ಬೇಡ ಅಂತ ಆಫೀಸಿಗೆ ತಿಳಿಸಿ, ಶಿರವಾಳಕ್ಕೆ ಫೋನು ಹಚ್ಚಿದೆ.

“ಹೊಸ ಆಟ ತರಾಕತ್ತೇನಿ ಸಣ್ಣವ್ವ. ಬೈಯಾಕ ಯಾರೂ ಇಲ್ಲ.”

“ಬಾರವಾ,” ಅಂದಳು. “ಮೊದಲ ಉಣ್ಣು. ಆಮ್ಯಾಲ ಬೈತೀನಿ.”