ಕೆಂಗೇರಿ ಮೋರಿಯ ಜಾಯಿಂಟು

ಹೇರೋಹಳ್ಳಿಯ ಉಗ್ರಪ್ಪನವರು ನಮ್ಮ ಕಾಲೇಜಿನಲ್ಲಿ ಬೈಯದೆ ಬಿಟ್ಟಿರುವುದು ಕ್ಯಾಂಟೀನಿನ ಬೆಕ್ಕನ್ನು ಮತ್ತು ಗಾಜಿನ ಎಳೆಯನ್ನು ಮಾತ್ರ. ಕೂದಲಷ್ಟು ತೆಳ್ಳಗಿನ ಆ ಗಾಜಿನೊಳಗೆ ಬೆಳಕು ಓಡುತ್ತದೆ, ಬೆಳಕಿನ ಬೆನ್ನ ಮೇಲೆ ಮಾಹಿತಿ. ಎಳೆ ಕಡಿದಲ್ಲಿ ಕರಗಿಸಿ ಬೆಸೆಯುವುದು ಅವರ ಕೆಲಸ. ಐವತ್ತಾರು ವಯಸ್ಸು. ಮೊದಲು ಟೆಲಿಫೋನ್ ತಂತಿ, ಆಮೇಲೆ ಗಾಜು. ಕೈಗೆ ಜಿಡ್ಡು ತಾಗಬಾರದೆಂದು ಕೆಲಸದ ದಿನ ಮಸಾಲೆ ದೋಸೆಯನ್ನೂ ಚಮಚದಲ್ಲಿ ತಿನ್ನುತ್ತಾರೆ. ತಲೆಗೆ ಎಣ್ಣೆ ಹಚ್ಚಲು ಹೆಂಡತಿ ಲಿಂಗಮ್ಮ ಬಟ್ಟಲು ಹಿಡಿದರೆ ಸಾಕು, ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡುತ್ತಾರಂತೆ.

ಕಾಲೇಜು ಇರುವುದು ಮಲ್ಲತ್ತಹಳ್ಳಿ ಕೆರೆಯ ಹತ್ತಿರ. ನಾನು ಅಲ್ಲಿನ ಕಂಪ್ಯೂಟರ್ ಸೆಂಟರಿನಲ್ಲಿ ಅಸಿಸ್ಟೆಂಟ್. ಮೋಡಗಳನ್ನು ಓದುವ ಒಂದು ಲ್ಯಾಬು ನಮ್ಮಲ್ಲಿದೆ. ಅದರ ರಡಾರ್ ಚಿತ್ರಗಳು ಆಂಸ್ಟರ್‌ಡ್ಯಾಮಿಗೂ ಸಿಯೋಲಿಗೂ ಹೋಗಬೇಕು, ಅಲ್ಲಿನವರ ಲೆಕ್ಕಾಚಾರ ಇಲ್ಲಿಗೆ ಬರಬೇಕು. ಮನೆಯ ಇಂಟರ್ನೆಟ್ಟನ್ನು ನಂಬಿದರೆ ಮಳೆ ಬಂದು ಬಟ್ಟೆ ನೆಂದ ಮೇಲೆ ಮುನ್ಸೂಚನೆ ಸಿಗುತ್ತದೆ. ಹಾಗಾಗಿ ಆಯಾ ದೇಶದ ವಿದ್ಯಾಸಂಸ್ಥೆಗಳು ತಂತಮ್ಮ ಜಾಲಗಳನ್ನು ಒಂದಕ್ಕೊಂದು ಸೇರಿಸಿ ಸಂಶೋಧನೆಗೆಂದೇ ಬೆಳಕಿನ ದಾರಿ ಮಾಡಿಕೊಂಡಿವೆ. ಇಡೀ ದಾರಿಗೆ ಯಜಮಾನ ಅಂತ ಒಬ್ಬನಿಲ್ಲ. ನಮ್ಮ ಬೀದಿಯ ಹೆಂಗಸರ ಹಾಗೆ ಎಲ್ಲರೂ ತಮ್ಮ ಬಾಗಿಲ ಮುಂದಷ್ಟು ಗುಡಿಸುತ್ತಾರೆ, ಕಸ ಕಂಡರೆ ಪಕ್ಕದ ಮನೆಯದು ಅನ್ನುತ್ತಾರೆ.

ಆಯುಧಪೂಜೆಗೆ ಒಂದು ವಾರ ಮುಂಚೆ ಕೆಂಗೇರಿ ರೈಲ್ವೆ ಸ್ಟೇಷನ್ ಹತ್ತಿರ ಜೆಸಿಬಿಯೊಂದು ಮೋರಿ ಅಗೆಯುತ್ತಾ ನಮ್ಮ ಕೇಬಲನ್ನೂ ಸೇರಿಸಿ ಅಗೆದುಹಾಕಿತು. ಉಗ್ರಪ್ಪಣ್ಣ ಗುಂಡಿಗೆ ಇಳಿದು, ತಲೆಯ ಮೇಲೆ ಕೊಡೆ ಕಟ್ಟಿಕೊಂಡು, ಮೋರಿಯ ವಾಸನೆಯಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು ಒಂದೊಂದೇ ಎಳೆ ಬೆಸೆದರು. ಹಬ್ಬ ಮುಗಿಸಿ ಬಂದು, ಆ ಕೇಬಲ್ಲಿನ ಮೂಲಕ ವಿದೇಶಕ್ಕೆ ಹೋಗುವ ಹೊಸ ಲಿಂಕ್ ಹಾಕಿದರೆ, ಬರಬೇಕಾದ ಬೆಳಕಿನಲ್ಲಿ ಅರ್ಧವೂ ಬರುತ್ತಿರಲಿಲ್ಲ.

ವಿಡಿಯೊ ಕಾಲಿನಲ್ಲಿ ಆಂಸ್ಟರ್‌ಡ್ಯಾಮಿನ ಪೀಟರ್ ತಮ್ಮ ಕಡೆ ಎಲ್ಲ ಸ್ವಚ್ಛ ಎಂದ. ಸಿಯೋಲಿನ ಹಾನ್ ಮೇಡಂ ಅದನ್ನೇ ತಲೆಬಾಗಿ ಹೇಳಿದರು. ನಮ್ಮ ಮುಖ್ಯಸ್ಥರಾದ ಗೋಪೀನಾಥ ಸಾರ್ ಕೂಡ ನಮ್ಮ ಕಡೆಯೂ ಸ್ವಚ್ಛವೆಂದು ಸಾರಿ, ಮೈಕ್ ಮುಚ್ಚಿ, ತಪ್ಪು ಮೋರಿಯಲ್ಲಿ ಬೆಸೆದ ಆ ಜಾಯಿಂಟಿನದೇ ಎಂದು ನಮಗೆ ಹೇಳಿದರು. ಶುಕ್ರವಾರ ಮೂರೂ ದೇಶಗಳು ಸೇರಿ ಮಾಡುವ ಪರೀಕ್ಷೆ. ಜಾಯಿಂಟು ಕೆಟ್ಟದ್ದೆಂದು ಗೊತ್ತಾದರೆ ಉಗ್ರಪ್ಪನವರ ಗುತ್ತಿಗೆ ಬಿಡಿಸಿ ಹೊಸ ಕಂಪನಿಗೆ ಕೊಡುವುದೆಂದು ತೀರ್ಮಾನವಾಗಿತ್ತು.

ಉಗ್ರಪ್ಪಣ್ಣ ಆ ದಿನ ಯಾರನ್ನೂ ಬೈಯಲಿಲ್ಲ. ನನಗೆ ಭಯವಾದದ್ದು ಅದಕ್ಕೆ.

ಅವರ ಹತ್ತಿರ ಬೆಳಕು ಬಿಟ್ಟು ದೂರ ಅಳೆಯುವ ಯಂತ್ರ ಒಂದಿದೆ. ಎಷ್ಟನೆಯ ಮೀಟರಿನಲ್ಲಿ ಬೆಳಕು ಸೋರುತ್ತಿದೆ ಎಂದು ಅದು ತೋರಿಸುತ್ತದೆ. ಆದರೆ ಹಚ್ಚಿದ ಜಾಗದಿಂದ ಮೊದಲ ಕೆಲವು ಮಾರು ಅದಕ್ಕೆ ಕಾಣುವುದಿಲ್ಲ, ಆ ಜಾಗವೇ ಕೆಟ್ಟಿದ್ದರೆ ಮುಂದಿನದೂ ಮಬ್ಬಾಗುತ್ತದೆ. ಎಲ್ಲರೂ ಕಾಲೇಜಿನ ಕಡೆಯಿಂದಲೇ ಅಳೆಯುತ್ತಿದ್ದರು. ಗುರುವಾರ ಅವರು ಯಂತ್ರವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಕೆಂಗೇರಿಯ ಆಚೆ, ಕೇಬಲ್ಲಿನ ಇನ್ನೊಂದು ತುದಿಗೆ ಹೋದರು. ಅಲ್ಲಿಂದ ಅಳೆದು ನನಗೆ ಫೋನ್ ಮಾಡಿದರು.

"ಮೋರಿ ಜಾಯಿಂಟು ಮುತ್ತಿನಂಗಿದೆ ಕಣಮ್ಮ. ಸೋರ್ತಿರೋದು ನಿಮ್ ರೂಮಲ್ಲೇ. ನಾನು ಬರೋವರ್ಗೂ ಯಾರೂ ಏನೂ ಮುಟ್ಟಂಗಿಲ್ಲ. ಗೋಪೀನಾಥ್ ಸಾರ್ ಅಂತೂ ಉಸಿರೂ ಬಿಡಂಗಿಲ್ಲ."

ಬಂದವರೇ ಕೇಬಲ್ಲುಗಳೆಲ್ಲ ಬಂದು ಸೇರುವ ರ‍್ಯಾಕಿನ ಬಾಗಿಲು ತೆಗೆದು, ಹೊಸ ಲಿಂಕಿನ ತುದಿಯನ್ನು ಹೊರಗೆ ಕಿತ್ತರು. ಒರೆಸಲು ನಾನು ಬ್ಯಾಗಿನಿಂದ ಮಗಳ ಬೇಬಿ ವೈಪ್ಸ್ ಕೊಟ್ಟೆ. ಅದರಲ್ಲಿ ಎಣ್ಣೆ ಇರುತ್ತದೆಂದು ಬೈದು, ತಮ್ಮ ಡಬ್ಬಿಯ ಒಣ ಟಿಶ್ಯೂ ತೆಗೆದು ತುದಿಯನ್ನು ಅದರ ಮೇಲೆ ಒಮ್ಮೆ ಎಳೆದರು. ಟಿಶ್ಯೂ ಮೇಲೆ ಕೆಂಪು ಗೆರೆ ಮೂಡಿತು.

ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ನಾನು ಬೆರಳಲ್ಲಿ ಮುಟ್ಟಿ ನೋಡಿದೆ. ಕುಂಕುಮ.

ಆಯುಧಪೂಜೆಯ ದಿನ ಸೆಂಟರಿನ ಪೂಜೆ ಮಾಡಿದವಳು ನಾನು. ಪ್ರಿಂಟರಿಗೆ ಕುಂಕುಮ ಇಟ್ಟೆ, ಸರ್ವರಿಗೆ ಇಟ್ಟೆ, ಗೋಪೀನಾಥ ಸಾರ್ ಕುರ್ಚಿಗೂ ಇಟ್ಟೆ. ಹೊಸ ಲಿಂಕಿನ ತುದಿಗಳಿಗೆ ಪ್ಲಾಸ್ಟಿಕ್ ಟೋಪಿ ಹಾಕಿದ್ದರು. ಪಾಪ, ವಿದೇಶಕ್ಕೆ ಹೋಗುವ ಎಳೆಗಳು, ಟೋಪಿಗೆ ಪೂಜೆ ಮಾಡಿದರೆ ಒಳಗಿದ್ದವರಿಗೆ ತಲುಪುವುದು ಹೇಗೆ ಎಂದುಕೊಂಡು, ಟೋಪಿ ತೆಗೆದು, ಉಂಗುರದ ಬೆರಳಲ್ಲಿ ಒಂದೊಂದು ಬೊಟ್ಟು ಇಟ್ಟು, ಮತ್ತೆ ಮುಚ್ಚಿದ್ದೆ. ಭಕ್ತಿಯಲ್ಲಿ ಏನೂ ಕೊರತೆ ಇರಲಿಲ್ಲ.

ನಾನೇ ಮಾಡಿದ್ದು ಎಂದೆ. ಉಗ್ರಪ್ಪಣ್ಣ ನನ್ನ ಮುಖವನ್ನೇ ನೋಡಿದರು. ಬೈಗುಳ ಗಂಟಲವರೆಗೆ ಬಂದದ್ದು ಕಾಣಿಸಿತು. ಅವರು ಅದನ್ನು ನುಂಗಿಕೊಂಡು ತುದಿಗಳನ್ನೆಲ್ಲ ಒರೆಸಿ, ಮತ್ತೆ ಹಾಕಿದರು. ಬೆಳಕು ಪೂರ್ತಿ ಬಂತು.

ಶುಕ್ರವಾರ ಪರೀಕ್ಷೆ ಸಲೀಸಾಗಿ ನಡೆಯಿತು. ಮೋಡಗಳು ಹೋದವು, ಲೆಕ್ಕಗಳು ಬಂದವು. ಕೊನೆಗೆ ಪೀಟರ್, ತಪ್ಪು ಎಲ್ಲಿತ್ತು, ಮೂರೂ ದೇಶದ ವರದಿಗೆ ಬೇಕು ಎಂದ. ವಿದೇಶದವರ ಮುಂದೆ ಕುಂಕುಮ ಎಂದರೆ ಮಾನ ಹೋಗುತ್ತದೆಂದು ಗೋಪೀನಾಥ ಸಾರ್ ಮೈಕ್ ಮುಚ್ಚಿ, ಧೂಳು ಎಂದು ಬರೆಯಲು ನನಗೆ ಹೇಳಿದರು. ತುದಿಯಲ್ಲಿ ಧೂಳು ಕೂತಿದೆ ಎಂದರೆ ಬೆಸೆದವನು ಒರೆಸಿಲ್ಲ ಎಂದೇ ಅರ್ಥ. ಹೊಸ ಕಂಪನಿಯ ಕಾಗದ ಸಾರ್ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಪಕ್ಕದಲ್ಲಿದ್ದ ಉಗ್ರಪ್ಪಣ್ಣ ಮೆಲ್ಲಗೆ ಹೇಳಿದರು: "ಧೂಳು ಅಂತ್ಲೇ ಬರಿ ತಾಯಿ. ನಿಂಗೆ ಮಗೂ ಚಿಕ್ಕದು. ನಂದೇನು, ಮುಗ್ದಿರೋ ಸರ್ವೀಸು."

ಆ ಮಾತು ಕೇಳಿದ ಮೇಲೆ ಧೂಳು ಎಂದು ಬರೆಯಲು ಕೈ ಬರಲಿಲ್ಲ. ನಾನು ಮೈಕ್ ತೆಗೆದು, ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ, ಅದು ಪೂಜೆಯ ಕುಂಕುಮ, ಇಟ್ಟವಳು ನಾನು, ಮೋರಿಯಲ್ಲಿ ಕೂತು ಬೆಸೆದ ಜಾಯಿಂಟಿನಲ್ಲಿ ಏನೂ ದೋಷವಿಲ್ಲ ಎಂದೆ. ಆಮೇಲೆ ಹಾನ್ ಮೇಡಂ, ತಮ್ಮಲ್ಲೂ ಹೊಸ ಯಂತ್ರದ ಮುಂದೆ ಹಂದಿಯ ತಲೆ ಇಟ್ಟು ಪೂಜೆ ಮಾಡುವುದುಂಟು, ಆದರೆ ಅದನ್ನು ಯಂತ್ರದ ಒಳಗೆ ಇಡುವುದಿಲ್ಲ ಎಂದರು. ಪೀಟರ್ ಮೋರಿ ಎಂದರೇನು ಎಂದು ಕೇಳಿ, ತಿಳಿದ ಮೇಲೆ ಜಾಯಿಂಟಿನ ಅಳತೆಯನ್ನು ಇನ್ನೊಮ್ಮೆ ತರಿಸಿ ನೋಡಿದ. ಅಷ್ಟು ಚೆನ್ನಾಗಿ ಬೆಸೆದವರ ಹೆಸರು ವರದಿಯಲ್ಲಿ ಬರಲಿ ಎಂದು ಅವನೇ ಬರೆಸಿದ.

ಆ ಹೆಸರು ಮೂರು ದೇಶಗಳಿಗೆ ಹೋದ ಮೇಲೆ ಸಾರ್ ಹೊಸ ಕಂಪನಿಯ ಕಾಗದವನ್ನು ಡ್ರಾಯರಿಗೆ ಹಾಕಿದರು. ನನಗೆ ಒಂದು ಮೆಮೊ ಕೊಟ್ಟರು. ತಪ್ಪಾಯಿತು ಎಂದು ಉತ್ತರ ಬರೆದುಕೊಟ್ಟೆ, ತಪ್ಪಾಗಿದ್ದುದು ನಿಜವೇ.

ಉಗ್ರಪ್ಪಣ್ಣ ಎರಡು ದಿನ ಸೆಂಟರಿನ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಬಂದು, ನನ್ನ ಕೈ ಸೋಪಿನಲ್ಲಿ ತೊಳೆಸಿ, ರ‍್ಯಾಕಿನ ಮುಂದೆ ಸ್ಟೂಲು ಹಾಕಿ ಕೂರಿಸಿದರು. ಒಂದು ಹಳೆಯ ಎಳೆಯ ತುದಿಯನ್ನೂ ಒಣ ಟಿಶ್ಯೂವನ್ನೂ ಕೈಗೆ ಕೊಟ್ಟರು.

"ಮಗೂ ಮೂಗು ಒರ್ಸ್ದಂಗೆ ಉಜ್ಬೇಡ. ಒಂದೇ ಸಲ, ಒಂದೇ ಕಡೆಗೆ. ಹೂಂ, ಎಳಿ."

ನಾನು ಎಳೆದೆ.